ಜಿಫ್-8 ಪೊರೆ: ಪದರ ಕೂಡಿದೆ, ಒಣಗುತ್ತಿದೆ

ಅನಿಲಗಳಾದ ಪ್ರೊಪಿಲೀನ್ –47.6, ಪ್ರೊಪೇನ್ –42.1 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತವೆ. ಅಂತರ ಇಷ್ಟು ಕಡಿಮೆ ಇರುವುದರಿಂದಲೇ ಇವುಗಳ ಭಟ್ಟಿ ಇಳಿಸುವಿಕೆ ಅಷ್ಟು ಶಕ್ತಿ ನುಂಗುತ್ತದೆ, ಇವನ್ನು ಸೋಸುವ ಪೊರೆಗೆ ಬೆಲೆ ಬರುವುದೂ ಇದರಿಂದಲೇ. ಜಿಫ್-8 ಎಂದರೆ ಸತುವಿನ ಅಯಾನುಗಳನ್ನು ಉಂಗುರದಾಕಾರದ ಇಮಿಡಜೋಲ್ ಅಣುಗಳು ಜೋಡಿಸಿ ಆದ ರಂಧ್ರಮಯ ಹರಳು. ಅದರ ಕಿಂಡಿ ಲೆಕ್ಕಕ್ಕೆ 3.4 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು), ಇಮಿಡಜೋಲ್ ಉಂಗುರಗಳು ಓಲಾಡುವುದರಿಂದ ಅದು ಇನ್ನಷ್ಟು ಹಿಗ್ಗುತ್ತದೆ. ಪ್ರೊಪಿಲೀನ್ ಬೇಗ ನುಸುಳುತ್ತದೆ, ಪ್ರೊಪೇನ್ ತಡವರಿಸುತ್ತದೆ.

ಪೊರೆಯ ಆಧಾರಕ್ಕೆ ಆಲ್ಫಾ ಅಲ್ಯುಮಿನಾ ಎಂಬ ಸೆರಾಮಿಕ್‌ನ ಬಿಲ್ಲೆ, ಒಂದು ಮೈ ನುಣ್ಣಗೆ ಉಜ್ಜಿದ್ದು. ಮೆಥನಾಲ್‌ನಲ್ಲಿ ಕದಡಿದ ಜಿಫ್-8ರ ನ್ಯಾನೊ ಹರಳುಗಳಲ್ಲಿ ಅದ್ದಿ ಬೀಜ ಹಚ್ಚಿ ಒಣಗಿಸಿದ್ದಾಯಿತು. ಬೀಜ ತೆಳುವಾಗಿ, ಎಲ್ಲೆಡೆ ಒಂದೇ ಸಮ ಕೂತಿರಬೇಕು. ಗುಪ್ಪೆಗಟ್ಟಿದ ಕಡೆ ಪದರ ಆಮೇಲೆ ಎದ್ದು ಬರುತ್ತದೆ.

ಬೆಳವಣಿಗೆಯ ದ್ರಾವಣ: 0.11 ಗ್ರಾಂ ಜಿಂಕ್ ನೈಟ್ರೇಟ್ ಹೆಕ್ಸಾಹೈಡ್ರೇಟ್ 20 ಮಿಲಿ ನೀರಿನಲ್ಲಿ, 2.27 ಗ್ರಾಂ 2-ಮೀಥೈಲ್ ಇಮಿಡಜೋಲ್ ಇನ್ನೊಂದು 20 ಮಿಲಿಯಲ್ಲಿ; ಎರಡನ್ನೂ ಬೆರೆಸಿ 30 ಡಿಗ್ರಿಯಲ್ಲಿ 6 ಗಂಟೆ. ಒಂದು ಸತುವಿನ ಅಯಾನಿಗೆ ಸುಮಾರು 75 ಇಮಿಡಜೋಲ್ ಅಣು. ಇದು ದುಂದಲ್ಲ: ನೀರಿನಲ್ಲಿ ಇಮಿಡಜೋಲ್ ಕಡಿಮೆಯಾದರೆ ಹರಳು ಕರಗತೊಡಗುತ್ತದೆ. ಬಿಲ್ಲೆಯನ್ನು ನೆಟ್ಟಗೆ ನಿಲ್ಲಿಸಬೇಕು. ಮಲಗಿಸಿದರೆ ದ್ರಾವಣದಲ್ಲೇ ಹುಟ್ಟಿದ ಹರಳುಗಳು ಮೇಲೆ ಉದುರಿ, ಗಟ್ಟಿಯಾಗಿ ಹಿಡಿಯದೆ ಪುಡಿಯಾಗಿ ಉಳಿಯುತ್ತವೆ.

ಹರಳಿನ ರಚನೆ ತೋರುವ ಎಕ್ಸ್-ಕಿರಣ ಪರೀಕ್ಷೆಯಲ್ಲಿ (ತಾಮ್ರದ ಕಿರಣ) ಜಿಫ್-8ರ ಗುರುತಾದ 7.3 ಡಿಗ್ರಿಯ ಶಿಖರ ಚೂಪಾಗಿ ಬಂದಿದೆ. ಸಂತೋಷದ ಸಂಗತಿಯೇ, ಆದರೆ ಅದು ಹರಳಿನ ಜಾತಿ ಹೇಳುತ್ತದೆಯೇ ಹೊರತು ಬಿರುಕಿನ ಸುದ್ದಿ ಹೇಳುವುದಿಲ್ಲ.

ಪೊರೆ ಕೆಡುವುದು ಹೆಚ್ಚಾಗಿ ಒಣಗುವಾಗ. ರಂಧ್ರಗಳಿಂದ ದ್ರವ ಆರುವಾಗ ಅದರ ಮೇಲ್ಮೈ ಎಳೆತ ಪದರವನ್ನು ಸೀಳುತ್ತದೆ. ಮೆಥನಾಲ್‌ನ ಎಳೆತ ನೀರಿನದರ ಮೂರನೇ ಒಂದು ಪಾಲಿಗಿಂತ ಕಡಿಮೆ. ಹಾಗಾಗಿ ತೊಳೆದ ಬಿಲ್ಲೆಯನ್ನು ತಾಜಾ ಮೆಥನಾಲ್‌ನಲ್ಲಿ ನೆನೆಹಾಕಿ, ದ್ರವವನ್ನು ಹಲವು ಸಲ ಬದಲಿಸಿ, ಈಗ ಸಡಿಲ ಮುಚ್ಚಳದ ಪಾತ್ರೆಯಲ್ಲಿ ಕೋಣೆಯ ಉಷ್ಣತೆಯಲ್ಲೇ ಆರಲು ಬಿಟ್ಟಿದೆ. ನೇರ ಬಿಸಿ ಒಲೆಗೆ ಇಟ್ಟರೆ ಬರಿಗಣ್ಣಿಗೆ ಕಾಣದ ಕೂದಲೆಳೆ ಬಿರುಕುಗಳು ಜಾಲದಂತೆ ಹರಡುತ್ತವೆ.

ಮುಂದಿನದು ಅನಿಲ ಪರೀಕ್ಷೆ. ಬಿಲ್ಲೆಯ ಅಂಚು ಮುಚ್ಚುವ ರಬ್ಬರ್ ಬಳೆಗೆ (ಓ-ರಿಂಗ್) ಸಿಲಿಕೋನ್ ಬೇಡ, ಅದರ ಮೂಲಕವೇ ಅನಿಲ ದಾಟಿಬಿಡುತ್ತದೆ, ವೈಟಾನ್ ರಬ್ಬರ್ ಸರಿ. ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು, ಇಲ್ಲವಾದರೆ ಅಂಚಿನಲ್ಲಿ ಪದರ ಒಡೆಯುತ್ತದೆ. ಸೂಜಿರಂಧ್ರದಲ್ಲಿ ಅಣುತೂಕವಷ್ಟೇ ಲೆಕ್ಕಕ್ಕೆ ಬಂದಾಗ ಪ್ರೊಪಿಲೀನ್–ಪ್ರೊಪೇನ್ ದಾಟುವ ವೇಗದ ಅನುಪಾತ ಸುಮಾರು 1.02. ಅಷ್ಟರಲ್ಲೇ ನಿಂತರೆ ಅನಿಲ ಹರಳಿನೊಳಗಿಂದ ಹಾಯುತ್ತಿಲ್ಲ ಎಂದರ್ಥ. ಆಗ ಮೊದಲು ಓ-ರಿಂಗ್ ಬದಲಿಸಿ ಅಳೆಯಬೇಕು, ಪೊರೆಯ ಮೇಲೆ ಅನುಮಾನ ಆಮೇಲೆ.