ಊರು ಹಂಚಿಕೊಂಡು ಉಂಡ ಇಟಲಿ

ಮದುವೆಯಾಗಿ 20 ವರ್ಷ ತುಂಬಿದಾಗ ಇಟಲಿಗೆ ಹೋಗಬೇಕು, ಹೋದರೆ ಊಟಕ್ಕೆಂದೇ ಹೋಗಬೇಕು ಅಂತ ನಾವಿಬ್ಬರೂ ಬಹಳ ಹಿಂದೆಯೇ ಮಾತಾಡಿಕೊಂಡಿದ್ದೆವು. ನಾನು ಧಾರವಾಡದವಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ನಮ್ಮ ಯಜಮಾನರು ಕುಮಟಾದವರು, ಮೀನಿಲ್ಲದ ಊಟ ಅವರಿಗೆ ಊಟ ಅನ್ನಿಸುವುದಿಲ್ಲ. ಬೆಂಗಳೂರಿನ ಮನೆಯಲ್ಲಿ ಇದು ಯಾವತ್ತೂ ತಕರಾರಾಗಿಲ್ಲ. ಅವರ ಸಾರಿನ ಪಾತ್ರೆ ಬೇರೆ, ನನ್ನದು ಬೇರೆ, ಅನ್ನದ ಬೋಗುಣಿ ಒಂದೇ. ಆದರೆ ಹತ್ತು ರಾತ್ರಿ, ಮೂರು ಊರು, ದಿನಕ್ಕೆ ಎರಡು ಹೊತ್ತು ಹೊರಗಿನ ಊಟ ಅಂತ ಲೆಕ್ಕ ಹಾಕಲು ಕೂತ ರಾತ್ರಿ ನಮ್ಮ ಯೋಜನೆ ನಿಂತಲ್ಲೇ ನಿಂತಿತು.

ಊಟದ ಬಗ್ಗೆ ಬರೆಯುವವರೆಲ್ಲ ಮೊದಲು ಕೈ ತೋರಿಸುವುದು ಉತ್ತರ ಇಟಲಿಯ ಬೊಲೋನ್ಯಾ ಕಡೆಗೆ. ನಾವೂ ಬೊಲೋನ್ಯಾ, ಮೊದೆನಾ, ಪಾರ್ಮಾ ಅಂತ ಸಾಲಾಗಿ ಬರೆದುಕೊಂಡು ಒಂದೊಂದೇ ತಿನಿಸಿನ ಒಳಗೇನಿದೆ ಅಂತ ಓದುತ್ತ ಹೋದೆವು. ತೊರ್ತೆಲ್ಲೀನಿಯ ಹೂರಣ ಹಂದಿಮಾಂಸದ್ದು, ಬಡಿಸುವುದು ಮಾಂಸದ ಸಾರಿನಲ್ಲಿ. ತಾಲ್ಯತೆಲ್ಲೆ ಅನ್ನುವ ಪಾಸ್ತಾಕ್ಕೆ ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ. ಪಿಯದೀನಾ ರೊಟ್ಟಿ ನೋಡಲು ನಮ್ಮ ಚಪಾತಿಯ ಹಾಗೇ ಇದ್ದರೂ ಹಳೆಯ ಪದ್ಧತಿಯಲ್ಲಿ ಹಂದಿಯ ಕೊಬ್ಬು ಹಾಕಿ ನಾದುತ್ತಾರೆ. ಇಷ್ಟು ನನಗೆ ಅನಿರೀಕ್ಷಿತವೇನೂ ಆಗಿರಲಿಲ್ಲ. ಚೀಸ್ ಇದೆಯಲ್ಲ ಅಂದುಕೊಂಡಿದ್ದೆ. ಆಗ ಅವರು ಮೊಬೈಲಿನಿಂದ ತಲೆ ಎತ್ತದೆ, "ಪಾರ್ಮೆಸಾನ್ ಹೆಪ್ಪುಗಟ್ಟಿಸೋದು ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್‌ನಿಂದ ಅಂತೆ. ನಿಂಗೆ ಗೊತ್ತಿತ್ತಾ?" ಅಂದರು.

ಗೊತ್ತಿರಲಿಲ್ಲ. ಎಷ್ಟೋ ವರ್ಷಗಳಿಂದ ಪಾಸ್ತಾ ಮೇಲೆ ಅದನ್ನು ತುರಿದು ತಿಂದಿದ್ದೆ. ಪಾರ್ಮಿಜಾನೊ ರೆಜ್ಜಾನೊ ಎಂಬ ಅದರ ಅಸಲಿ ಹೆಸರು ಇಡಬೇಕಾದರೆ ಕರುವಿನ ರೆನ್ನೆಟ್ಟೇ ಆಗಬೇಕು ಅನ್ನುವುದು ಅದರ ನಿಯಮ. ಹಾಗಾಗಿ ಸಸ್ಯಾಹಾರಿ ಪಾರ್ಮಿಜಾನೊ ಅಂತ ಒಂದು ಇಲ್ಲವೇ ಇಲ್ಲ. ಪೆಕೊರೀನೊ ರೊಮಾನೊ ಅನ್ನುವ ಕುರಿಹಾಲಿನ ಚೀಸಿಗೆ ಕುರಿಮರಿಯದು. ಅವತ್ತು ಪಟ್ಟಿ ಮುಚ್ಚಿಟ್ಟು ಮಲಗಿದೆ, ನಿದ್ದೆ ಬರಲಿಲ್ಲ.

"ಬೇರೆ ದೇಶ ನೋಡೋಣ ಬಿಡು" ಅಂದರು ಅವರು ಬೆಳಿಗ್ಗೆ. ನನಗೆ ಮನಸ್ಸಾಗಲಿಲ್ಲ. ನಮ್ಮಲ್ಲಿ ಧಾರವಾಡದ ಊಟ ತಂದು ಕುಮಟಾದ ಊಟ ಅಂದರೆ ಯಾರಾದರೂ ಒಪ್ಪುತ್ತಾರಾ? ಇಟಲಿ ಒಂದು ರಾಜ್ಯವಾದದ್ದೇ 1861ರಲ್ಲಿ. ಅದಕ್ಕೆ ಮೊದಲು ಒಂದೊಂದು ಸೀಮೆ ಒಂದೊಂದು ಕೈಯಲ್ಲಿತ್ತು, ಅಡುಗೆಯೂ ಹಾಗೇ ಬೇರೆಬೇರೆಯಾಗಿ ಬೆಳೆಯಿತು. ಉತ್ತರದ ಪೋ ನದಿಯ ಬಯಲಿನಲ್ಲಿ ಹಸು, ಬೆಣ್ಣೆ, ಮೊಟ್ಟೆಯ ಪಾಸ್ತಾ. ದಕ್ಷಿಣದ ಒಣ ನೆಲದಲ್ಲಿ ಆಲಿವ್ ಎಣ್ಣೆ, ಕಾಳು, ಸೊಪ್ಪು, ಮತ್ತೆ ಡುರುಮ್ ಗೋಧಿ. ಡುರುಮ್ ಅಂದರೆ ನಮ್ಮ ಬನ್ಸಿ ಗೋಧಿಯ ಜಾತಿಯೇ. ಅದರ ರವೆಗೆ ನೀರು ಹಾಕಿ ನಾದಿದರೆ ಪಾಸ್ತಾ ಆಯಿತು, ಮೊಟ್ಟೆ ಬೇಕಿಲ್ಲ. ಚೀಸ್ ಕೊಳ್ಳಲಾಗದ ಮನೆಗಳಲ್ಲಿ ಒಣಗಿದ ಬ್ರೆಡ್ಡನ್ನು ಪುಡಿಮಾಡಿ ಎಣ್ಣೆಯಲ್ಲಿ ಹುರಿದು ಪಾಸ್ತಾ ಮೇಲೆ ಉದುರಿಸಿಕೊಳ್ಳುತ್ತಿದ್ದರು, ಈಗಲೂ ಉದುರಿಸುತ್ತಾರೆ. ಕುಚೀನಾ ಪೋವೆರಾ, ಬಡವರ ಅಡುಗೆ, ಅನ್ನುತ್ತಾರೆ ಇದಕ್ಕೆ. ನನ್ನ ಊಟ ಅಲ್ಲಿತ್ತು.

ಹೀಗೆ ಓದುತ್ತ ಓದುತ್ತ ಒಂದು ವಿಷಯ ನನಗೆ ಖಾತ್ರಿಯಾಯಿತು. ಪ್ರತಿ ಹೋಟೆಲಿನಲ್ಲೂ ಇಬ್ಬರಿಗೂ ಹೊಂದುವ ತಿನಿಸು ಹುಡುಕಹೊರಟರೆ ಇಬ್ಬರಿಗೂ ಸಿಗುವುದು ಸಪ್ಪೆ ಊಟ. ಅದರ ಬದಲು ಊರನ್ನೇ ಹಂಚಿಕೊಳ್ಳೋಣ ಅಂದೆ. ನಾಲ್ಕು ರಾತ್ರಿ ಬೊಲೋನ್ಯಾ ಅವರದು. ನಾಲ್ಕು ರಾತ್ರಿ ದಕ್ಷಿಣದ ಬಾರಿ ಎಂಬ ಊರು, ಅದು ನನ್ನದು. ಬಾರಿ ಸಮುದ್ರದ ದಂಡೆಯ ಊರಾದ್ದರಿಂದ ಅವರಿಗೂ ನಷ್ಟವಿಲ್ಲ. ಕೊನೆಯ ಎರಡು ರಾತ್ರಿ ನೇಪಲ್ಸ್, ಇಬ್ಬರದೂ. ವೀಸಾಕ್ಕೆ ಹೋಟೆಲ್ ಬುಕಿಂಗ್, 30,000 ಯೂರೋ ವಿಮೆ ಎಲ್ಲ ತೋರಿಸಬೇಕಾಗುವುದರಿಂದ ಅರ್ಜಿ ಹಾಕುವ ಮೊದಲೇ ಇದನ್ನು ಗಟ್ಟಿಮಾಡಿಕೊಂಡೆವು. ಆಗಸ್ಟ್ ಬೇಡವೆಂದೆವು, 15ರ ಫೆರ್ರಗೋಸ್ತೊ ಹಬ್ಬದ ಆಚೀಚೆ ಎಷ್ಟೋ ಅಡುಗೆಮನೆಗಳು ಬಾಗಿಲು ಹಾಕುತ್ತವೆ. ಹೊರಟದ್ದು ಅಕ್ಟೋಬರಿನಲ್ಲಿ.

ಬೊಲೋನ್ಯಾ ತಲುಪಿದ ದಿನವೇ ಒಂದು ಪಾಠವಾಯಿತು. ಸಾಮಾನು ಇಟ್ಟು ಸ್ನಾನ ಮುಗಿಸಿ ಮೂರು ಗಂಟೆಗೆ ಊಟಕ್ಕೆ ಇಳಿದರೆ ಅಡುಗೆಮನೆಗಳೆಲ್ಲ ಬಂದ್. ಮಧ್ಯಾಹ್ನದ ಊಟ ಹನ್ನೆರಡೂವರೆಯಿಂದ ಎರಡೂವರೆ, ರಾತ್ರಿಯದು ಏಳೂವರೆಯ ಮೇಲೆ. ಅದನ್ನು ಓದಿದ್ದೆವು, ಆದರೂ ನಡೆಯುತ್ತದೆ ಅಂದುಕೊಂಡಿದ್ದೆವು. ಅವತ್ತು ಬಾಳೆಹಣ್ಣು, ಬ್ರೆಡ್ಡು ತಿಂದು ಕಂಬಗಳ ಮೊಗಸಾಲೆಗಳಲ್ಲಿ ನಡೆದೆವು. ಊರೆಲ್ಲ ಸೇರಿ 62 ಕಿಲೋಮೀಟರ್ ಉದ್ದದ ಮೊಗಸಾಲೆ ಅದು. ಮಳೆ ಬಂದರೂ ತಲೆ ನೆನೆಯುವುದಿಲ್ಲ. ಆಮೇಲಿನ ಮೂರು ದಿನ ಅವರು ಮನಸ್ಸು ತುಂಬ ಉಂಡರು. ನಾನು ಜೊತೆಗೆ ಕೂತೆ, ಆಲಿವ್ ಎಣ್ಣೆ ಹಚ್ಚಿದ ಬ್ರೆಡ್ಡು, ಬಿಳಿ ಬೀನ್ಸು, ಸುಟ್ಟ ತರಕಾರಿ ತಿಂದೆ. ಬೇಸರವಾಗಲಿಲ್ಲ. ಮುಂದಿನ ಊರು ನನ್ನದು ಅಂತ ಗೊತ್ತಿದ್ದರೆ ಎದುರಿಗೆ ಕೂತವರ ಖುಷಿಯನ್ನು ನೋಡುವ ಪುರುಸೊತ್ತು ಇರುತ್ತದೆ.

ಒಂದು ಬೆಳಿಗ್ಗೆ ಪಾರ್ಮಾ ಹತ್ತಿರದ ಚೀಸ್ ಮಾಡುವ ಮನೆಗೂ ಹೋದೆವು. ತಿನ್ನುವುದಿಲ್ಲ ಅಂದಮೇಲೆ ನೋಡುವುದೇಕೆ ಅಂತ ಅವರೇ ಕೇಳಿದ್ದರು. ನನಗೆ ನೋಡಬೇಕಿತ್ತು. ಗಂಟೆಯನ್ನು ತಲೆಕೆಳಗು ಮಾಡಿಟ್ಟಂಥ ತಾಮ್ರದ ಕೊಪ್ಪರಿಗೆಗಳು. ಹಿಂದಿನ ಸಂಜೆಯ ಹಾಲನ್ನು ರಾತ್ರಿಯೆಲ್ಲ ಬಿಟ್ಟು ಕೆನೆ ತೆಗೆದು, ಅದಕ್ಕೆ ಬೆಳಗಿನ ಹಾಲು ಬೆರೆಸುತ್ತಾರೆ. ಹಾಲು ಗಟ್ಟಿಯಾದ ಮೇಲೆ ಒಬ್ಬರು ತಂತಿಯ ದೊಡ್ಡ ಕಡೆಗೋಲಿನಂಥದ್ದನ್ನು ಒಳಗೆ ಇಳಿಸಿ ಅಕ್ಕಿಕಾಳಿನಷ್ಟು ಸಣ್ಣದಾಗುವವರೆಗೆ ಒಡೆದರು. ನಡುನಡುವೆ ಕೈ ಅದ್ದಿ ಬೆರಳುಗಳ ಮಧ್ಯೆ ಹಿಚುಕಿ ಹದ ನೋಡುತ್ತಿದ್ದರು, ನಮ್ಮಮ್ಮ ಪಾಕದ ಎಳೆ ನೋಡುವ ಹಾಗೆ. ಆಮೇಲೆ ಇಬ್ಬರು ಸೇರಿ ನಾರುಬಟ್ಟೆಯಲ್ಲಿ ಅದನ್ನು ಎತ್ತಿ ಎರಡು ಭಾಗ ಮಾಡಿದರು. ಗಾಲಿಯಾಕಾರದ ಒಂದು ಚೀಸಿಗೆ ಸುಮಾರು 550 ಲೀಟರ್ ಹಾಲು, ತೂಕ 40 ಕಿಲೋದ ಆಸುಪಾಸು, ಕನಿಷ್ಠ 12 ತಿಂಗಳು ಕಾಯಬೇಕು. ಉಗ್ರಾಣದಲ್ಲಿ ಸೂರಿನವರೆಗೂ ಗಾಲಿಗಳು. ಯಜಮಾನರು 24 ತಿಂಗಳಿನದನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದರು. ನಾನು ವಾಸನೆ ನೋಡಿದೆ, ಅಷ್ಟೇ. ಆ ಕೆಲಸದ ಮೇಲೆ ನನಗೆ ಗೌರವ ಹುಟ್ಟಿತು. ತಿನ್ನದಿರುವ ನಿರ್ಧಾರವೂ ಹಾಗೇ ಉಳಿಯಿತು.

ಬೊಲೋನ್ಯಾದಿಂದ ಬಾರಿಗೆ ರೈಲಿನಲ್ಲಿ ಸುಮಾರು ಆರು ಗಂಟೆ, ಅರ್ಧ ದಾರಿ ಏಡ್ರಿಯಾಟಿಕ್ ಸಮುದ್ರದ ಪಕ್ಕದಲ್ಲೇ. ಯಜಮಾನರು ಕಿಟಕಿ ಬಿಟ್ಟು ಏಳಲಿಲ್ಲ.

ಬಾರಿಯ ಹಳೆಯ ಊರಿನಲ್ಲಿ, ಕೋಟೆಯ ಎದುರಿನ ಕಮಾನು ದಾಟಿದರೆ ಆರ್ಕೊ ಬಾಸ್ಸೊ ಅನ್ನುವ ಓಣಿ. ಹೆಂಗಸರು ಮನೆಯ ಬಾಗಿಲಲ್ಲೇ ಮಣೆ ಹಾಕಿಕೊಂಡು ಒರೆಕ್ಯೆತ್ತೆ ಮಾಡುತ್ತಾರೆ. ಒರೆಕ್ಯೆತ್ತೆ ಅಂದರೆ ಪುಟ್ಟ ಕಿವಿ, ಆ ಆಕಾರದ ಪಾಸ್ತಾ. ರವೆಹಿಟ್ಟನ್ನು ಬೆರಳ ದಪ್ಪದ ಹಗ್ಗದಂತೆ ಹೊಸೆದು, ಮೊಂಡು ಚಾಕುವಿನಿಂದ ತುಂಡು ಕತ್ತರಿಸಿ, ಅದೇ ಚಾಕುವಿನಲ್ಲಿ ಮಣೆಯ ಮೇಲೆ ತಮ್ಮ ಕಡೆಗೆ ಎಳೆಯುತ್ತಾರೆ. ತುಂಡು ಸುರುಳಿಯಾಗುತ್ತದೆ. ಹೆಬ್ಬೆರಳ ತುದಿಗೆ ಅದನ್ನು ಮಗುಚಿದರೆ ಕಿವಿ. ನೋಡುವಷ್ಟರಲ್ಲಿ ಹತ್ತು ಆಗಿರುತ್ತವೆ. ಜಾಳಿಗೆಯ ಚೌಕಟ್ಟಿನ ಮೇಲೆ ಹರಡಿ ಬಿಸಿಲಿಗೆ ಒಣಗಿಸುತ್ತಾರೆ.

ನಾನು ಅಲ್ಲೇ ನಿಂತುಬಿಟ್ಟೆ. ಬೇಸಿಗೆ ರಜೆಯಲ್ಲಿ ಧಾರವಾಡದ ಮನೆಯ ಪಡಸಾಲೆಯಲ್ಲಿ ಅಜ್ಜಿ, ಓಣಿಯ ನಾಲ್ಕಾರು ಹೆಂಗಸರು ಸೇರಿ ಶಾವಿಗೆ ಹೊಸೆಯುತ್ತಿದ್ದರು. ನಮಗೆ ಸಣ್ಣವರಿಗೆ ಗವಲಿ, ಸೌತೆಬೀಜದ ಕೆಲಸ. ಹಿಟ್ಟಿನ ಎಳೆಯನ್ನು ಎರಡು ಬೆರಳ ನಡುವೆ ಹೊಸೆದು ಸೌತೆಯ ಬೀಜದ ಆಕಾರಕ್ಕೆ ಚಿವುಟಿ ಹಾಕಬೇಕು. "ಭಾಳ ಒತ್ತಬ್ಯಾಡ, ಹಗೂರಕ ತಿರುವು" ಅಂತಿದ್ದಳು ಅಜ್ಜಿ. ಮದುವೆಮನೆಯ ಪಾಯಸಕ್ಕೆ ಅದಿಲ್ಲದೆ ಆಗುತ್ತಿರಲಿಲ್ಲ. ಅಜ್ಜಿ ಹೋಗಿ ಹದಿನೈದು ವರ್ಷವಾಯಿತು. ಮನೆಯಲ್ಲಿ ಈಗ ಯಾರೂ ಮಾಡುವುದಿಲ್ಲ, ಅಂಗಡಿಯಿಂದ ತರುತ್ತೇವೆ.

ಒಬ್ಬ ಅಜ್ಜಿ ನನ್ನ ಮುಖ ನೋಡಿ ಪಕ್ಕದ ಕುರ್ಚಿ ಎಳೆದು ಕೊಟ್ಟರು. ಮಾತು ಬರದು. ಹಿಟ್ಟಿನ ಒಂದು ತುಂಡು ನನ್ನ ಮುಂದಿಟ್ಟರು. ಮೊದಲನೆಯದು ಹರಿಯಿತು, ಎರಡನೆಯದೂ ಹರಿಯಿತು. ಅವರು ನನ್ನ ಮಣಿಕಟ್ಟು ಹಿಡಿದು, ಚಾಕುವಿನ ಮೇಲಿನ ನನ್ನ ಬೆರಳನ್ನು ಸಡಿಲ ಮಾಡಿದರು. ಭಾಳ ಒತ್ತಬ್ಯಾಡ ಅಂದಂತೆಯೇ. ಅವರ ಹೆಬ್ಬೆರಳಿನ ಪಕ್ಕ ಹಿಟ್ಟು ಒಣಗಿ ಬಿಳಿ ಗೆರೆಯಾಗಿತ್ತು, ಉಗುರು ಸವೆದಿತ್ತು. ನನ್ನ ಕಣ್ಣು ತುಂಬಿತು. ಅವರೇನೂ ಕೇಳಲಿಲ್ಲ, ಇನ್ನೊಂದು ತುಂಡು ಮುಂದಿಟ್ಟರು. ಅರ್ಧ ಕಿಲೋ ಕಟ್ಟಿಸಿಕೊಂಡು ಎದ್ದೆ.

ಮಧ್ಯಾಹ್ನ ಊಟಕ್ಕೆ ಫಾವೆ ಎ ಚಿಕೋರಿಯಾ. ಸಿಪ್ಪೆ ತೆಗೆದ ಒಣ ಬಾಕಳೆಕಾಳನ್ನು (ಫಾವಾ ಬೀನ್ಸ್) ಕರಗುವವರೆಗೆ ಬೇಯಿಸಿ ಕಡೆದದ್ದು, ಪಕ್ಕದಲ್ಲಿ ಬೇಯಿಸಿದ ಕಹಿ ಸೊಪ್ಪು, ಮೇಲೆ ಹಸಿ ಆಲಿವ್ ಎಣ್ಣೆ. ಗಟ್ಟಿ ತೊವ್ವೆಗೆ ಮೆಂತ್ಯಸೊಪ್ಪು ಕಲಸಿಕೊಂಡ ಹಾಗಿತ್ತು. ಮಾಂಸ, ಮೀನು, ಮೊಟ್ಟೆ ಯಾವುದೂ ಬೇಡ ಅನ್ನುವ ಇಟಾಲಿಯನ್ ವಾಕ್ಯವನ್ನು ಮನೆಯಲ್ಲೇ ಬಾಯಿಪಾಠ ಮಾಡಿದ್ದೆ. ಅದರ ಜೊತೆ "ಸೆಂತ್ಸಾ ಅಲೀಚಿ, ಸೆಂತ್ಸಾ ಬ್ರೋದೊ" (ಪುಟ್ಟ ಮೀನು ಬೇಡ, ಸಾರು ಬೇಡ) ಅಂತ ಸೇರಿಸುವುದು ಮುಖ್ಯ. ಇಲ್ಲದಿದ್ದರೆ ಸೊಪ್ಪು ಹಾಕಿದ ಒರೆಕ್ಯೆತ್ತೆಯಲ್ಲೂ ಪುಟ್ಟ ಮೀನು ಕರಗಿಸಿರುತ್ತಾರೆ, ತರಕಾರಿ ಸೂಪನ್ನೂ ಮಾಂಸದ ಸಾರಿನಲ್ಲಿ ಮಾಡಿರಬಹುದು. ವೆಜಿಟೇರಿಯನ್ ಅಂದಷ್ಟಕ್ಕೇ ಬಿಟ್ಟರೆ ಇವು ಅವರ ಲೆಕ್ಕಕ್ಕೆ ಬಾರದೇ ಹೋಗುತ್ತವೆ. ಚೀಸಿನ ಬದಲು ಹುರಿದ ಬ್ರೆಡ್ಡಿನ ಪುಡಿ ಕೇಳಿದಾಗ ಬಡಿಸುವವರ ಮುಖ ಅರಳಿತು, ಒಳಗಿನಿಂದ ಒಂದು ಬಟ್ಟಲು ತುಂಬ ತಂದಿಟ್ಟರು. ಯಜಮಾನರು ಅಕ್ಕಿ, ಆಲೂಗಡ್ಡೆ, ಚಿಪ್ಪುಮೀನು ಪದರಪದರವಾಗಿ ಹಾಕಿ ಒಲೆಯಲ್ಲಿ ಬೇಯಿಸಿದ ತಿಯೆಲ್ಲಾ ತರಿಸಿಕೊಂಡರು. ಬೆಳಿಗ್ಗೆ ಬಂದರಿನಲ್ಲಿ ಬೆಸ್ತರು ಆಕ್ಟೋಪಸ್ಸನ್ನು ಕಲ್ಲಿಗೆ ಬಡಿದು ಮೆದುಮಾಡುವುದನ್ನು ಒಂದು ಗಂಟೆ ನಿಂತು ನೋಡಿ ಬಂದಿದ್ದರು. ಊಟದುದ್ದಕ್ಕೂ ಕುಮಟಾದ ಮೀನುದೋಣಿಗಳ ಧಕ್ಕೆಯ ಮಾತೇ.

ನೇಪಲ್ಸ್‌ನಲ್ಲಿ ಕೊನೆಯ ರಾತ್ರಿ. ಅಲ್ಲಿನ ಪಿಜ್ಜಾ ಮಾಡುವವರ ಕೈಕಲೆಯನ್ನು ಯುನೆಸ್ಕೊ 2017ರಲ್ಲಿ ತನ್ನ ಪಟ್ಟಿಗೆ ಸೇರಿಸಿದೆ. ಕಟ್ಟಿಗೆಯ ಒಲೆಯ ಎದುರಿಗೇ ಮೇಜು ಸಿಕ್ಕಿತ್ತು. ಹಿಟ್ಟನ್ನು ಕೈಯಲ್ಲೇ ತಟ್ಟಿ ಹರಡಿ ಒಳಗೆ ತಳ್ಳಿದರೆ ಒಂದೂವರೆ ನಿಮಿಷವೂ ಇಲ್ಲ, ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದು ಹೊರಗೆ ಬರುತ್ತದೆ. ಹಳೆಯ ಪಿಜ್ಜಾ ಮರಿನಾರಾದಲ್ಲಿ ಚೀಸ್ ಇರುವುದೇ ಇಲ್ಲ: ಟೊಮ್ಯಾಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ. ಊರು ಪಟ್ಟಿ ಮಾಡುವಾಗಲೇ ಅದರ ಸುತ್ತ ಗೆರೆ ಎಳೆದಿಟ್ಟಿದ್ದೆ. ಯಜಮಾನರು ಮೆನುವಿನಲ್ಲಿದ್ದ ಮೀನಿನ ತಿನಿಸುಗಳನ್ನೆಲ್ಲ ಓದಿ, ಕೊನೆಗೆ ಹಾಳೆ ಮಡಚಿ, "ನಂಗೂ ಅದೇ" ಅಂದರು.

ಎರಡು ಮರಿನಾರಾ ಬಂದವು. ಅವರ ತಟ್ಟೆಯ ಕೊನೆಯ ತುಂಡನ್ನೂ ನಾನೇ ತಿಂದೆ.