ಅರ್ಧ ಮನೆ ಕೆಳಗೆ

ಈಸ್ಟರ್‌ಗೆ ಮುಂಚಿನ ಗುರುವಾರ ರಾತ್ರಿ ಬೇಸ್ ಗಿಟಾರನ್ನು ಒರೆಸಿ, ಚೀಲದೊಳಗಿಟ್ಟು ಜಿಪ್ ಎಳೆದೆ. ಇನ್ನು ಶನಿವಾರ ರಾತ್ರಿವರೆಗೆ ನಮ್ಮ ಚರ್ಚ್‌ನಲ್ಲಿ ಯಾವ ವಾದ್ಯವೂ ಇಲ್ಲ. ಕಥೋಲಿಕರಲ್ಲಿ ಇದು ಹಳೆಯ ಪದ್ಧತಿ. ಯೇಸುವಿನ ಕಡೆಯ ಭೋಜನವನ್ನು ನೆನೆಯುವ ಗುರುವಾರದ ಪೂಜೆಯಲ್ಲಿ ಗ್ಲೋರಿಯಾ ಎಂಬ ಸ್ತುತಿಗೀತೆ ಹಾಡುವಾಗ ಗಂಟೆಗಳನ್ನೆಲ್ಲ ಬಾರಿಸುತ್ತಾರೆ. ಆಮೇಲೆ ಗಂಟೆಯೂ ಸುಮ್ಮನಾಗುತ್ತದೆ, ವಾದ್ಯವೂ ಸುಮ್ಮನಾಗುತ್ತದೆ. ಶುಭ ಶುಕ್ರವಾರ ಬರೀ ಗಂಟಲು. ಗಂಟೆ ಬೇಕಾದ ಕಡೆ ಮರದ ತುಂಡು ಬಡಿಯುತ್ತಾರೆ, ಟಕ ಟಕ ಅಂತ. ಶನಿವಾರ ರಾತ್ರಿಯ ಪಾಸ್ಕ (ಈಸ್ಟರ್) ಜಾಗರಣೆಯಲ್ಲಿ ಮತ್ತೆ ಗ್ಲೋರಿಯಾ ಬರುತ್ತದಲ್ಲ, ಆಗ ಎಲ್ಲವೂ ಒಟ್ಟಿಗೇ ವಾಪಸ್ ಬರುತ್ತವೆ.

ಮನೆಯಲ್ಲಿ ನುಡಿಸಬೇಡ ಅಂತ ಯಾರೂ ಹೇಳಿಲ್ಲ. ಆದರೂ ಆ ಎರಡು ದಿನ ನಾನು ಬೇಸ್ ಮುಟ್ಟುವುದಿಲ್ಲ. ಬೆರಳಿಗೂ ಒಂದು ಉಪವಾಸ ಇರಲಿ ಅನ್ನಿಸುತ್ತದೆ.

ಮೊದಲು ನಾನು ಸಾದಾ ಗಿಟಾರ್ ನುಡಿಸುತ್ತಿದ್ದೆ. ನಮ್ಮ ಕ್ವಾಯರ್‌ನಲ್ಲಿ ಆಗ ಗಿಟಾರಿನವರು ಮೂವರು, ಬೇಸ್‌ಗೆ ಒಬ್ಬರೂ ಇಲ್ಲ. ಕೀಬೋರ್ಡ್ ನುಡಿಸುವವಳ ಎಡಗೈಯೇ ಆ ಕೆಲಸವನ್ನೂ ನೋಡಿಕೊಳ್ಳುತ್ತಿತ್ತು. ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಬೇಸ್ ತಂದೆ. ನಾಲ್ಕು ತಂತಿ: ಇ, ಎ, ಡಿ, ಜಿ. ಗಿಟಾರಿನ ದಪ್ಪ ತಂತಿಗಳ ಹೆಸರುಗಳೇ, ಆದರೆ ಒಂದು ಸ್ಥಾಯಿ ಕೆಳಗೆ. ಹಿಂದೆಲ್ಲ ಬೇಸ್ ಅಂದರೆ ಆಳೆತ್ತರದ ವಾದ್ಯ, ನಿಲ್ಲಿಸಿಕೊಂಡೇ ನುಡಿಸಬೇಕಿತ್ತು. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರಾಟಕ್ಕೆ ತಂದ ಬೇಸ್ ಗಿಟಾರ್ ಹೆಗಲಿಗೆ ನೇತುಹಾಕಿಕೊಳ್ಳುವಂಥದ್ದು. ನಮ್ಮ ಚರ್ಚ್‌ನಲ್ಲಿ ಕ್ವಾಯರ್ ಕೂರುವ ಅಟ್ಟಕ್ಕೆ ಹೋಗುವ ಮರದ ಮೆಟ್ಟಿಲು ಎಷ್ಟು ಇಕ್ಕಟ್ಟು ಅಂದರೆ, ಅದನ್ನು ಹತ್ತುವಾಗೆಲ್ಲ ನಾನು ಆ ಮನುಷ್ಯನನ್ನು ನೆನೆಯುತ್ತೇನೆ.

ನನಗೆ ಬೇಸ್ ಮೇಲೆ ಪ್ರೀತಿ ಹುಟ್ಟಿದ್ದು ಆ ದಪ್ಪ ಇ ತಂತಿಯಿಂದ. ಬೇಸ್‌ನ ಕುತ್ತಿಗೆಯ ಮೇಲಿನ ಯಾವ ಫ್ರೆಟ್ಟನ್ನೂ (ಅಡ್ಡ ಪಟ್ಟಿಯನ್ನೂ) ಒತ್ತದೆ ಸುಮ್ನೆ ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ನಮ್ಮ ಅಟ್ಟದ ನೆಲ ಹಲಗೆಯದು. ಆ ಸ್ವರ ಕಿವಿಗಿಂತ ಮೊದಲು ಪಾದಕ್ಕೆ ಗೊತ್ತಾಗುತ್ತದೆ.

ಹಾಗಾಗಿ ಆ ವರ್ಷ ಗ್ಲೋರಿಯಾವನ್ನು ಇ ಶ್ರುತಿಯಲ್ಲಿ ಹಾಡೋಣ ಅಂತ ಕೇಳಿಕೊಂಡವನು ನಾನೇ. ಎರಡು ದಿನದ ಮೌನ ಮುಗಿದು ಮೊದಲು ಏಳುವ ಸ್ವರ ಆ ತಂತಿಯದ್ದೇ ಆಗಲಿ ಅಂತ ಆಸೆ. ಎಲ್ಲರೂ ಒಪ್ಪಿದರು. ಗಿಟಾರಿನವರು ಎರಡನೇ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಡಿ ಹಿಡಿತಗಳಲ್ಲೇ ನುಡಿಸಿದರು. ನನಗಂತೂ ಇ ಮತ್ತು ಎ ಎರಡೂ ಖಾಲಿ ತಂತಿಗಳಲ್ಲೇ ಸಿಗುತ್ತಿದ್ದವು. ಮೂರು ವಾರ ಅಭ್ಯಾಸ ಮಾಡಿದೆವು.

ಶನಿವಾರ ಸಂಜೆ ಆಲ್ದೂರು ಕಡೆಯಿಂದ ಚಿಕ್ಕಮಗಳೂರಿಗೆ ಬೈಕಲ್ಲಿ ಬಂದೆ. ಹೂಮಳೆ ಬಿದ್ದು ಎಂಟೊಂಬತ್ತು ದಿನ ಆಗಿತ್ತು. ರಸ್ತೆಯ ಎರಡೂ ಕಡೆ ತೋಟ ಬೆಳ್ಳಗೆ ಅರಳಿ ನಿಂತಿತ್ತು. ಕಾಫಿ ಹೂವಿನ ವಾಸನೆ ಮಲ್ಲಿಗೆಯ ಹಾಗೇ, ಆದರೆ ಇನ್ನೂ ಸ್ವಲ್ಪ ಗಾಢ. ಕತ್ತಲಾದ ಮೇಲೆ ಅದು ಜಾಸ್ತಿಯಾಗುತ್ತದೆ. ಈಸ್ಟರ್ ಅಂದರೆ ನನಗೆ ಮೊಟ್ಟೆ ಅಲ್ಲ, ಈ ವಾಸನೆ.

ಜಾಗರಣೆ ಶುರುವಾಗುವುದು ಹೊರಗೆ, ಬೆಂಕಿಯಿಂದ. ಆ ಬೆಂಕಿಯಿಂದ ದೊಡ್ಡ ಪಾಸ್ಕ ಮೇಣದ ಬತ್ತಿ ಹಚ್ಚುತ್ತಾರೆ. ಆ ಬತ್ತಿ ಹಿಡಿದು ಫಾದರ್ ಕತ್ತಲೆಯ ಚರ್ಚ್‌ನೊಳಗೆ ನಡೆದು ಬಂದರು. ಒಬ್ಬರ ಬತ್ತಿಯಿಂದ ಇನ್ನೊಬ್ಬರದ್ದು ಹತ್ತಿಕೊಳ್ಳುತ್ತಾ ಬಂತು. ಅಟ್ಟದ ಮೇಲಿಂದ ನೋಡಿದರೆ ತೋಟದಲ್ಲಿ ಮಿಣುಕು ಹುಳ ಹಬ್ಬಿದ ಹಾಗೆ ಕಾಣುತ್ತಿತ್ತು. ನಮ್ಮ ಫಾದರ್‌ಗೆ ವಯಸ್ಸಾಗಿದೆ. ಆ ಉದ್ದದ ಪಾಸ್ಕ ಘೋಷಣೆಯನ್ನು ನಿಂತೇ ಪೂರ್ತಿ ಹಾಡಿದರು. ಕೊನೆಗೆ ಸ್ವರ ಸ್ವಲ್ಪ ಒಡೆಯಿತು.

ಆಮೇಲೆ ಹಳೆಯ ಒಡಂಬಡಿಕೆಯ ವಾಚನಗಳು. ಸೃಷ್ಟಿ, ಅಬ್ರಹಾಮ, ಕೆಂಪು ಸಮುದ್ರ. ಪೂರ್ತಿ ಓದಿದರೆ ಏಳು. ನಡುನಡುವೆ ಕೀರ್ತನೆ, ಅದೂ ವಾದ್ಯವಿಲ್ಲದೆ. ನಾನು ಕತ್ತಲಲ್ಲಿ ಬೇಸ್ ತೊಡೆ ಮೇಲಿಟ್ಟುಕೊಂಡು ಕೂತಿದ್ದೆ. ಕುತ್ತಿಗೆಯ ಅಂಚಿನ ಬಿಳಿ ಚುಕ್ಕೆಗಳೂ ಕಾಣುತ್ತಿರಲಿಲ್ಲ. ಕಾಣದಿದ್ದರೇನು, ಮೊದಲ ಸ್ವರಕ್ಕೆ ಎಡಗೈ ಬೇಕಾಗಿಯೇ ಇರಲಿಲ್ಲ ಅಲ್ವಾ. ಬಲಗೈ ಬೆರಳನ್ನು ಇ ತಂತಿಯ ಮೇಲೆ ಇಟ್ಟು ಕಾಯುತ್ತಿದ್ದೆ.

ನಾವು ಯಾರೂ ಯೋಚಿಸದೆ ಬಿಟ್ಟ ಒಂದು ವಿಷಯ ಇತ್ತು. ಗ್ಲೋರಿಯಾದ ಮೊದಲ ಸಾಲನ್ನು ಎತ್ತಿಕೊಡುವವರು ಫಾದರ್. ಬೇರೆ ಹಬ್ಬಗಳಲ್ಲಿ ಕೀಬೋರ್ಡ್ ಮೆಲ್ಲಗೆ ಶ್ರುತಿ ಕೊಡುತ್ತದೆ, ಅವರು ಅದನ್ನು ಹಿಡಿಯುತ್ತಾರೆ. ಆದರೆ ಈ ರಾತ್ರಿ ಗ್ಲೋರಿಯಾಕ್ಕೆ ಮೊದಲು ಯಾವ ವಾದ್ಯವೂ ಉಸಿರೆತ್ತುವಂತಿಲ್ಲ. ಅವರಿಗೆ ಶ್ರುತಿ ಕೊಡುವವರು ಯಾರು? ಅವರು ತಮ್ಮ ಎದೆಯಲ್ಲಿದ್ದ ಶ್ರುತಿಯಲ್ಲೇ ಎತ್ತಿದರು.

ಅದು ಇ ಆಗಿರಲಿಲ್ಲ. ಅರ್ಧ ಮನೆ ಕೆಳಗೆ, ಅಂದರೆ ಒಂದು ಫ್ರೆಟ್‌ನಷ್ಟು ಕೆಳಗೆ, ಇ ಫ್ಲ್ಯಾಟ್.

ಕೀಬೋರ್ಡ್ ಹುಡುಗಿಗೆ ಕಿವಿ ಬಹಳ ಚುರುಕು. ಸಾಲು ಮುಗಿಯುವ ಮೊದಲೇ 'ಒಂದು ಕೆಳಗೆ' ಅಂತ ಪಿಸುಗುಟ್ಟಿ, ಶ್ರುತಿ ಸರಿಸುವ ಟ್ರಾನ್ಸ್‌ಪೋಸ್ ಬಟನ್ ಒತ್ತಿದಳು. ಗಿಟಾರಿನವರು ಕ್ಯಾಪೊವನ್ನು ಎರಡರಿಂದ ಒಂದಕ್ಕೆ ಸರಿಸಿದರು. ಅವರ ಬೆರಳುಗಳ ಹಿಡಿತ ಅದೇ ಉಳಿಯಿತು. ಬೇಸ್‌ಗೆ ನಾನು ಕ್ಯಾಪೊ ಇಟ್ಟುಕೊಂಡಿಲ್ಲ, ಇದ್ದರೂ ಅದು ಇ ತಂತಿಯನ್ನು ಕೆಳಗಿಳಿಸುವುದಿಲ್ಲ. ಇ ಅಂದರೆ ನನ್ನ ವಾದ್ಯದ ತಳ. ಅದಕ್ಕಿಂತ ಅರ್ಧ ಮನೆ ಕೆಳಗಿನ ಸ್ವರ ಅದರಲ್ಲಿ ಇಲ್ಲವೇ ಇಲ್ಲ. ಇಷ್ಟು ದಿನ ಕಾದಿಟ್ಟ ಸ್ವರ ಒಂದೇ ಒಂದು ಫ್ರೆಟ್‌ನಿಂದ ಕೈತಪ್ಪಿತು.

ಎದೆ ಧಸಕ್ಕೆಂದಿತು. ಅಷ್ಟರಲ್ಲಿ ದೀಪಗಳೆಲ್ಲ ಒಮ್ಮೆಗೇ ಹತ್ತಿಕೊಂಡವು. ಗೋಪುರದ ಗಂಟೆ, ಪೀಠದ ಹುಡುಗರ ಕೈಗಂಟೆ, ಡ್ರಮ್, ಎಲ್ಲ ಒಟ್ಟಿಗೆ. ನನ್ನ ಬೆರಳು ತಾನಾಗೇ ಎ ತಂತಿಯ ಆರನೇ ಫ್ರೆಟ್‌ಗೆ ಹೋಯಿತು. ಅಲ್ಲಿ ಇ ಫ್ಲ್ಯಾಟ್ ಸಿಗುತ್ತದೆ, ಆದರೆ ಒಂದು ಸ್ಥಾಯಿ ಮೇಲೆ. ಇಡೀ ಹಾಡಿನಲ್ಲಿ ಒಂದೇ ಒಂದು ಖಾಲಿ ತಂತಿ ಸಿಗಲಿಲ್ಲ. ಪ್ರತಿ ಸ್ವರವನ್ನೂ ಒತ್ತಿ ಹಿಡಿಯಬೇಕು, ಬಿಡುವಾಗಲೂ ನೋಡಿ ಬಿಡಬೇಕು. ಮೊದಲ ನಾಲ್ಕು ಸಾಲು ಬರೀ ಮೂಲ ಸ್ವರಗಳನ್ನು ಡ್ರಮ್ಮಿನ ಕಾಲಿನ ಏಟಿಗೆ ಸರಿಯಾಗಿ ಇಟ್ಟೆ. ಕಲಿತಿದ್ದ ಅಲಂಕಾರ ಎಲ್ಲ ಬಿಟ್ಟೆ.

ಐದನೇ ಸಾಲಿಗೆ ಕೆಳಗಿನ ಜನರ ದನಿ ಕೇಳಿಸಿತು. ಕನ್ನಡ, ಕೊಂಕಣಿ, ತಮಿಳು ಮನೆಮಾತಿನವರೆಲ್ಲ ಸೇರಿದ ಸಭೆ ನಮ್ಮದು. ಅಭ್ಯಾಸದಲ್ಲಿ ನಾವೇ ಕಷ್ಟಪಟ್ಟು ಮುಟ್ಟುತ್ತಿದ್ದ ಮೇಲಿನ ಸಾಲನ್ನು ಅವರು ಸಲೀಸಾಗಿ ಹಾಡುತ್ತಿದ್ದರು. ಹಗಲೆಲ್ಲ ಕೆಲಸ ಮಾಡಿ, ಕೆಲವರು ಉಪವಾಸವಿದ್ದು ಬಂದವರ ಗಂಟಲಿಗೆ ಆ ಅರ್ಧ ಮನೆ ಎಷ್ಟು ದೊಡ್ಡದು ಅಂತ ಆಗ ಗೊತ್ತಾಯಿತು. ಶ್ರುತಿ ಆರಿಸುವಾಗ ನಾನು ನನ್ನ ತಂತಿಯನ್ನು ನೆನೆದಿದ್ದೆ. ಈ ಗಂಟಲುಗಳನ್ನು ನೆನೆದಿರಲಿಲ್ಲ. ಅದು ನನ್ನ ತಪ್ಪು.

ಅಲ್ಲೆಲೂಯ ಬಂದಾಗ ನಾವು ಸುಮ್ಮನಿದ್ದೆವು. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಉದ್ದಕ್ಕೂ ಹಾಡದಿದ್ದ ಆ ಪದವನ್ನು ಆ ರಾತ್ರಿ ಮೂರು ಸಲ ಎತ್ತುತ್ತಾರೆ, ಪ್ರತಿ ಸಲ ಇನ್ನಷ್ಟು ಮೇಲಿನ ಸ್ವರದಲ್ಲಿ. ಫಾದರ್ ಕೆಳಗಿನಿಂದ ಶುರು ಮಾಡಿದ್ದಕ್ಕೆ ಮೂರನೇ ಸಲಕ್ಕೂ ಅವರಲ್ಲಿ ದನಿ ಉಳಿದಿತ್ತು.

ಪ್ರಬೋಧನೆ ಶುರುವಾದಾಗ ಕೀಬೋರ್ಡ್ ಹುಡುಗಿ ನಮ್ಮ ಕಡೆ ತಿರುಗಿ, ಉಳಿದ ಹಾಡುಗಳೂ ಒಂದು ಕೆಳಗೇ ಇರಲಿ ಅಂದಳು. ನಾನು ಬೇಸ್‌ನ ವಾಲ್ಯೂಮ್ ಪೂರ್ತಿ ಇಳಿಸಿದೆ. ಬೇಸ್‌ನ ತಲೆಗೆ ಸಿಕ್ಕಿಸಿದ, ಶ್ರುತಿ ತೋರಿಸುವ ಟ್ಯೂನರ್ ಮರದ ಕಂಪನವನ್ನೇ ಓದುತ್ತದೆ, ಸದ್ದು ಬೇಕಿಲ್ಲ. ತಂತಿ ಬಿಗಿಯುವ ನಾಲ್ಕೂ ಕಿವಿ ತಿರುವಿ, ನಾಲ್ಕೂ ತಂತಿಯನ್ನು ಅರ್ಧ ಮನೆ ಇಳಿಸಿದೆ. ಸಡಿಲಾದ ತಂತಿ ಬೇಗ ನಿಲ್ಲುವುದಿಲ್ಲ. ಎಳೆದು ಬಿಟ್ಟು, ಮತ್ತೆ ನೋಡಿ, ಮತ್ತೆ ತಿರುವಬೇಕು. ಪ್ರಬೋಧನೆ ಮುಗಿಯುವ ಹೊತ್ತಿಗೆ ಸರಿಯಾಯಿತು.

ಕೊನೆಯ ಹಾಡನ್ನೂ ಇ ಶ್ರುತಿಗೇ ಕಲಿತಿದ್ದೆವು. ಈಗ ಅದು ಇ ಫ್ಲ್ಯಾಟ್. ದಪ್ಪ ತಂತಿಯನ್ನು ಸುಮ್ನೆ ಮೀಟಿದೆ. ಸೆಕೆಂಡಿಗೆ 39ರ ಹತ್ತಿರ. ಆ ಅಟ್ಟದಲ್ಲಿ ನಾನು ಅಷ್ಟು ಕೆಳಗಿನ ಸ್ವರವನ್ನು ಅದುವರೆಗೆ ನುಡಿಸಿರಲಿಲ್ಲ. ಹಲಗೆ ನಡುಗಿತು. ಹಿಂದಿನ ಕಿಟಕಿಯ ಸಡಿಲ ಗಾಜು ಗುಂಯ್ ಅಂದಿತು. ಕೀಬೋರ್ಡ್ ಹುಡುಗಿ ತನ್ನ ಪಾದ ನೋಡಿಕೊಂಡು ನಕ್ಕಳು.

ಹೊರಗೆ ಬಂದಾಗ ಮಧ್ಯರಾತ್ರಿ ಹತ್ತಿರವಾಗಿತ್ತು. ತಂತಿಗಳನ್ನು ಮತ್ತೆ ಏರಿಸದೆ, ಹಾಗೇ ಚೀಲಕ್ಕೆ ಹಾಕಿಕೊಂಡೆ. ಬೆಳಿಗ್ಗೆ ಎಂಟರ ಪೂಜೆಗೂ ಅದೇ ಫಾದರ್ ಇದ್ದರು.