ಮಂಜಿಷ್ಠ ಕುದಿಸ್ಬೇಡಿ, ಬಿಸಿ ಮಾಡಿದ್ರೆ ಸಾಕು

ಉಣ್ಣೆಗೆ ಮನೇಲೇ ಬಣ್ಣ ಹಾಕೋಕೆ ಶುರು ಮಾಡಿದಾಗ ನನ್ನ ತಲೇಲಿ ಇದ್ದಿದ್ದು ಒಂದೇ, ಕುದಿಸಿದಷ್ಟೂ ಬಣ್ಣ ಚೆನ್ನಾಗಿ ಬಿಡುತ್ತೆ ಅಂತ. ಈರುಳ್ಳಿ ಸಿಪ್ಪೆಗೆ ಅದು ನಡೀತು, ಉಣ್ಣೆಯಷ್ಟೇ ತೂಕದ ಒಣ ಸಿಪ್ಪೆ ಹಾಕಿ ಒಂದು ಗಂಟೆ ಕುದಿಸಿ ಸೋಸಿ ಆ ನೀರಲ್ಲಿ ದಾರ ಇಟ್ರೆ ಜೇನಿನ ಥರ ಹಳದಿ ಬಂತು. ಅದೇ ಧೈರ್ಯದಲ್ಲಿ ಮಂಜಿಷ್ಠ ಬೇರನ್ನೂ ಕೊತಕೊತ ಕುದಿಸಿ, ಉಣ್ಣೇನೂ ಅದರಲ್ಲೇ ಹಾಕ್ಬಿಟ್ಟೆ. ಕೆಂಪಾಗ್ಬೇಕಿದ್ದ ದಾರದ ಲಡಿ ಮಂಕು ಕಂದಾಗಿ ಬಂತು, ಕೈಲಿ ಹಿಡ್ಕೊಂಡು ತುಂಬಾ ಹೊತ್ತು ನೋಡ್ತಾ ನಿಂತಿದ್ದೆ, ಅಷ್ಟು ಬೇಜಾರಾಗಿತ್ತು.

ಆಮೇಲೆ ಗೊತ್ತಾಯ್ತು, ಆ ಬೇರಲ್ಲಿ ಒಂದೇ ಬಣ್ಣ ಇರೋದಲ್ಲ. ಕೆಂಪು ಹದವಾದ ಬಿಸಿಗೇ ಹೊರಗೆ ಬರುತ್ತೆ, ಕಾವು ಜಾಸ್ತಿ ಆದ್ರೆ ಕಂದು ಅಂಶನೂ ಜೊತೆಗೆ ಬಂದು ಕೆಂಪನ್ನ ಮುಚ್ಚಿಬಿಡುತ್ತೆ. ಈಗ ಥರ್ಮಾಮೀಟರ್ ಇಟ್ಕೊಂಡೇ ಮಾಡ್ತೀನಿ, 70 ಡಿಗ್ರಿ ದಾಟೋಕೆ ಬಿಡಲ್ಲ. ಬೇರಿನ ಪುಡೀನ ಹಿಂದಿನ ರಾತ್ರೀನೇ ನೆನೆಹಾಕಿರ್ತೀನಿ.

ಆದ್ರೆ ಬಣ್ಣಕ್ಕಿಂತ ಮುಂಚೆ ಪಟಿಕದ ಕೆಲಸ ಇದೆ, ಅದನ್ನ ದಯವಿಟ್ಟು ಬಿಡ್ಬೇಡಿ. 100 ಗ್ರಾಂ ಒಣ ಉಣ್ಣೆಗೆ 10ರಿಂದ 12 ಗ್ರಾಂ ಪಟಿಕ, ಬಿಸಿನೀರಲ್ಲಿ ಪೂರ್ತಿ ಕರಗಿಸಿ, ಸೋಪಲ್ಲಿ ತೊಳೆದು ಜಿಡ್ಡು ತೆಗೆದು ನೆನೆಸಿಟ್ಟ ಉಣ್ಣೆ ಅದರಲ್ಲಿ ಮುಳುಗಿಸಿ, ನಿಧಾನಕ್ಕೆ 80 ಡಿಗ್ರಿವರೆಗೆ ಕಾಯಿಸಿ, ಒಂದು ಗಂಟೆ ಹಾಗೇ ಇಟ್ಟು, ಆರೋವರೆಗೂ ಮುಟ್ಬೇಡಿ. ಪಟಿಕದಲ್ಲಿರೋ ಅಲ್ಯೂಮಿನಿಯಂ ಒಂದು ಕಡೆ ಉಣ್ಣೆಯ ಪ್ರೋಟೀನನ್ನೂ ಇನ್ನೊಂದು ಕಡೆ ಬಣ್ಣವನ್ನೂ ಹಿಡ್ಕೊಳುತ್ತೆ, ಅದಿಲ್ಲದೆ ಮಂಜಿಷ್ಠ ಪೇಲವ ಆಗುತ್ತೆ. ಬಿಸಿ ಉಣ್ಣೇನ ತಣ್ಣೀರಿಗೆ ಹಾಕೋದು, ಬಿಸಿ ಇರೋವಾಗ ಕೋಲಲ್ಲಿ ತಿರುಗಿಸೋದು ಬೇಡವೇ ಬೇಡ, ಎಳೆ ಎಳೆ ಅಂಟ್ಕೊಂಡು ದಾರ ಬಿಡಿಸೋಕೇ ಆಗಲ್ಲ.

ಇನ್ನೊಂದು, ಲಡಿ ಕಟ್ಟೋ ದಾರ ಸಡಿಲವಾಗಿರ್ಲಿ. ನಾನು ಬಿಗಿಯಾಗಿ ಕಟ್ಟಿದ್ದ ಜಾಗದಲ್ಲೆಲ್ಲ ಬೆರಳಗಲ ಬಿಳಿ ಉಂಗುರ ಹಾಗೇ ಉಳಿದಿತ್ತು, ಹೆಣೆದಾಗ ಅದೇ ಚುಕ್ಕೆ ಚುಕ್ಕೆಯಾಗಿ ಎದ್ದು ಕಾಣ್ತಿತ್ತು.

ಅರಿಶಿನದ ಹಳದಿಗೆ ಮನಸೋಲೋದು ಸುಲಭ, ಆದ್ರೆ ಬಿಸಿಲಿಗೆ ಬೇಗ ಮಾಸುತ್ತೆ, ಬೀಟ್‌ರೂಟ್ ಅಂತೂ ತೊಳೆದ್ರೆ ಹೋಯ್ತು. ಕಷ್ಟಪಟ್ಟು ಹೆಣೆಯೋ ಸ್ವೆಟರಿಗೆ ಇವೆರಡನ್ನೂ ನಾನು ಹಾಕಲ್ಲ. ಈರುಳ್ಳಿ ಹಳದಿಗೆ ಕೊನೇಲಿ 1 ಗ್ರಾಂನಷ್ಟು ಅನ್ನಭೇದಿ (ಕಬ್ಬಿಣದ ಲವಣ, ಫೆರಸ್ ಸಲ್ಫೇಟ್) ಹಾಕಿದ್ರೆ ಕಣ್ಮುಂದೇನೇ ಪಾಚಿ ಹಸಿರಿನ ಕಡೆ ತಿರುಗುತ್ತೆ, ಜಾಸ್ತಿ ಹಾಕಿದ್ರೆ ಮಾತ್ರ ಉಣ್ಣೆ ಒರಟಾಗುತ್ತೆ. ಈ ಕೆಲಸದ ಪಾತ್ರೆ ಅಡುಗೆಗೆ ಬಳಸ್ಬೇಡಿ, ಗ್ಲೌಸ್ ಹಾಕ್ಕೊಳ್ಳಿ.

ಕೆಂಪು ತೆಗೆದ ಮೇಲೆ ಮಂಜಿಷ್ಠ ನೀರು ಚೆಲ್ಲಬೇಡಿ. ಅದೇ ನೀರಲ್ಲಿ ಎರಡನೇ ಲಡಿ ಕಿತ್ತಳೆ ಕಡೆಗೆ ಬಂತು, ಮೂರನೇದು ತೆಳು ಗುಲಾಬಿ. ಮೂರನ್ನೂ ನೆರಳಲ್ಲಿ ಪಕ್ಕಪಕ್ಕ ಒಣಗ್ಹಾಕಿದೀನಿ, ಶಾಲಿಗೆ ಇದೇ ಕ್ರಮದಲ್ಲಿ ಹೆಣೀಬೇಕು ಅಂತಿದೀನಿ.